ಓಡೋ ಎದೆ, ನಿಲ್ಲೋ ಬೆರಳು: ಬಯಾಥ್ಲಾನ್ ಇತಿಹಾಸ, ಹತ್ತು ಭಾಗಗಳಲ್ಲಿ

ಭಾಗ 1/10: ಮೊದಲು ಒಂದು ಪರೀಕ್ಷೆ

ಈ ಫೋಟೋದ ಜಾಗ ನಿಮಗೆಲ್ಲ ಗೊತ್ತು. ರಾಮನಾಥಪುರ, ರಾಮೇಶ್ವರ ದೇವಸ್ಥಾನದ ಹತ್ರ ಕಾವೇರಿಗೆ ಇಳಿಯೋ ಮೆಟ್ಟಿಲು. ಇಲ್ಲಿ ಒಂದು ಕೆಲಸ ಮಾಡಿ ನೋಡಿ. ಮನೆಯಿಂದ ಒಂದು ಸೂಜಿ, ಒಂದಿಷ್ಟು ದಾರ ತನ್ನಿ. ಮೆಟ್ಟಿಲನ್ನ ಹತ್ತು ಸಲ ಜೋರಾಗಿ ಹತ್ತಿ ಇಳೀರಿ. ನಿಂತ ತಕ್ಷಣ, ಉಸಿರು ತಗೊಳ್ಳೋಕೂ ಕಾಯದೆ, ಸೂಜಿಗೆ ದಾರ ಪೋಣಿಸಿ. ಒಂದು ಸಲ ಅಲ್ಲ, ಐದು ಸಲ. ಒಂದು ಸಲ ತಪ್ಪಿದ್ರೆ ಮೆಟ್ಟಿಲನ್ನ ಇನ್ನೊಂದು ಸಲ ಹತ್ತಿ ಇಳೀಬೇಕು.

ನಾನು ಮಾಡಿದೆ. ಐದರಲ್ಲಿ ಒಂದು ಸಲ ಹೋಯ್ತು, ಅದೂ ಅದೃಷ್ಟಕ್ಕೆ. ಬಟ್ಟೆ ಒಗೀತಾ ಇದ್ದ ಅಜ್ಜಿಯೊಬ್ಬರು "ಏನಪ್ಪಾ, ಗುಂಡಿ ಹೊಲಿಯೋಕೆ ಇಷ್ಟೊಂದು ಓಡ್ಬೇಕಾ?" ಅಂತ ಕೇಳಿದ್ರು.

ಸೂಜಿ ಜಾಗದಲ್ಲಿ ಕೋವಿ ಇಡಿ, ಮೆಟ್ಟಿಲಿನ ಜಾಗದಲ್ಲಿ ಹಿಮದ ದಾರಿ ಇಡಿ. ಅದೇ ಬಯಾಥ್ಲಾನ್. ಕಾಲಿಗೆ ಸ್ಕೀ ಕಟ್ಟಿಕೊಂಡು, ಬೆನ್ನಿಗೆ ರೈಫಲ್ ಹಾಕಿಕೊಂಡು, ಹಿಮದ ಮೇಲೆ ಕಿಲೋಮೀಟರ್‌ಗಟ್ಟಲೆ ಹೋಗೋದು. ನಡುನಡುವೆ ನಿಂತು ಗುರಿಗೆ ಹೊಡೆಯೋದು. ಮತ್ತೆ ಹೊರಡೋದು.

ಈ ಆಟಕ್ಕೆ ನಮ್ಮ ವಯಸ್ಸಿನವರಿಗೇ ಅಂತ ಪ್ರತಿ ವರ್ಷ ಒಂದು ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತೆ. ಅದರಲ್ಲಿ 19 ದಾಟದವರದು ಯೂತ್ ವಿಭಾಗ, 22 ದಾಟದವರದು ಜೂನಿಯರ್ ವಿಭಾಗ. ಅದಾದ ಮೇಲೆ ಆ ಬಾಗಿಲು ಮುಚ್ಚುತ್ತೆ.

"ಮಾಗಿಯಲ್ಲಿ ಸ್ವೆಟರ್ ಹಾಕಿದ್ರೆ ಸಾಕು ಅನ್ನೋ ಊರಿನವರಿಗೆ ಹಿಮದ ಆಟ ಯಾಕೋ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಉತ್ತರ ಈ ಫೋಟೋದಲ್ಲೇ ಇದೆ, ಹೊಳೆಯಲ್ಲಿ. ಆದ್ರೆ ಅಲ್ಲಿಗೆ ಬರೋಕೆ ನಾರ್ವೆ, ಸ್ವೀಡನ್ ಸುತ್ತಿಕೊಂಡು ಬರಬೇಕು. ಬನ್ನಿ.

ಭಾಗ 2/10: ಐವತ್ತು ಮೀಟರ್ ದೂರದ ನಿಂಬೆಹಣ್ಣು

ಇತಿಹಾಸಕ್ಕೆ ಹೋಗೋ ಮುಂಚೆ ಆಟ ಹೇಗೆ ಅಂತ ಸ್ವಲ್ಪ ತಿಳ್ಕೊಳ್ಳೋಣ. ಇಲ್ಲಾಂದ್ರೆ ಮುಂದಿನದು ತಲೆಗೆ ಹತ್ತಲ್ಲ.

ಗುರಿ ಇರೋದು 50 ಮೀಟರ್ ದೂರದಲ್ಲಿ. ಸಾಲಾಗಿ ಐದು ಕಪ್ಪು ಚುಕ್ಕೆ, ಐದು ಗುಂಡು. ಎರಡು ಭಂಗಿ ಇದೆ. ಮಲಗಿ ಹೊಡೆಯುವಾಗ ಚುಕ್ಕೆಯ ಅಗಲ 45 ಮಿಲಿಮೀಟರ್, ಅಂದ್ರೆ ಒಂದು ನಿಂಬೆಹಣ್ಣಿನಷ್ಟು. ನಿಂತು ಹೊಡೆಯುವಾಗ 115 ಮಿಲಿಮೀಟರ್, ಹಳೇ ಸಿಡಿಗಿಂತ ಸ್ವಲ್ಪ ಚಿಕ್ಕದು. ನಿಂತು ಹೊಡೆಯೋದು ಸುಲಭ ಅನ್ಕೋಬೇಡಿ. ಚುಕ್ಕೆ ದೊಡ್ಡದು ಮಾಡಿರೋದೇ ಕೈಕಾಲು ನಡುಗುತ್ತೆ ಅಂತ.

ರೈಫಲ್ ಕನಿಷ್ಠ 3.5 ಕೆ.ಜಿ. ಇರಬೇಕು, ಅದನ್ನ ಇಡೀ ದಾರಿ ಬೆನ್ನ ಮೇಲೆ ಹೊರಬೇಕು. ಪ್ರತಿ ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆದು ಲೋಡ್ ಮಾಡಬೇಕು, ತಾನಾಗಿ ಲೋಡ್ ಆಗೋ ಕೋವಿ ಬಳಸೋ ಹಾಗಿಲ್ಲ. ಆ ಹೊತ್ತಿಗೆ ಎದೆಬಡಿತ ನಿಮಿಷಕ್ಕೆ 170, 180 ಆಗಿರುತ್ತೆ.

ಗುರಿ ತಪ್ಪಿದ್ರೆ ಶಿಕ್ಷೆ ಇದೆ. ಸ್ಪ್ರಿಂಟ್ ಥರದ ಸ್ಪರ್ಧೆಯಲ್ಲಿ ತಪ್ಪಿದ ಒಂದೊಂದು ಗುಂಡಿಗೂ 150 ಮೀಟರ್‌ನ ಪುಟ್ಟ ಸುತ್ತು ಹಾಕಬೇಕು, ಜನರೆಲ್ಲ ನೋಡ್ತಾ ಇರುವಾಗಲೇ. ಇಂಡಿವಿಜುವಲ್ ಅನ್ನೋ ಹಳೇ ಸ್ಪರ್ಧೆಯಲ್ಲಿ ಸುತ್ತು ಇಲ್ಲ, ತಪ್ಪಿದ ಒಂದು ಗುಂಡಿಗೆ ಒಂದು ನಿಮಿಷ ಸೇರಿಸಿಬಿಡ್ತಾರೆ. ದೊಡ್ಡವರಲ್ಲಿ ಗಂಡಸರಿಗೆ ಅದು 20 ಕಿ.ಮೀ., ಹೆಂಗಸರಿಗೆ 15 ಕಿ.ಮೀ. ಗುಂಡು ಇಬ್ಬರಿಗೂ ಇಪ್ಪತ್ತು.

ಹಾಗಾಗಿ ಇಲ್ಲಿ ಬರೀ ಜೋರಾಗಿ ಓಡೋನು ಗೆಲ್ಲಲ್ಲ, ಬರೀ ಗುರಿಕಾರನೂ ಗೆಲ್ಲಲ್ಲ. ಜೋರಾಗಿ ಬಂದವನು ತನ್ನ ಎದೆಯನ್ನ ತಾನೇ ಸಮಾಧಾನ ಮಾಡ್ಕೋಬೇಕು. ಎಷ್ಟು ಜೋರಾಗಿ ಬರಬೇಕು, ಎಲ್ಲಿ ನಿಧಾನ ಮಾಡಬೇಕು ಅನ್ನೋ ಲೆಕ್ಕ ಗುರಿಕಟ್ಟೆಗೆ ಇನ್ನೂ ನೂರಿನ್ನೂರು ಮೀಟರ್ ಇರುವಾಗಲೇ ಶುರು.

ಭಾಗ 3/10: ಗಡಿ ಕಾವಲಿನವರ ಪಂದ್ಯ

ನಾರ್ವೆ, ಸ್ವೀಡನ್ ಕಡೆ ಸ್ಕೀ ಅನ್ನೋದು ಆಟದ ಸಾಮಾನಾಗಿ ಹುಟ್ಟಿದ್ದಲ್ಲ. ನಮ್ಮ ಅಜ್ಜಂದಿರಿಗೆ ಎತ್ತಿನಗಾಡಿ ಹೇಗೋ ಅವರಿಗೆ ಸ್ಕೀ ಹಾಗೆ. ವರ್ಷದಲ್ಲಿ ಎಷ್ಟೋ ತಿಂಗಳು ದಾರಿಯೇ ಹಿಮದಡಿ ಹೋಗಿಬಿಡೋ ಊರಲ್ಲಿ ಸೌದೆ ತರೋಕೆ, ಪಕ್ಕದ ಹಳ್ಳಿಗೆ ಹೋಗೋಕೆ, ಬೇಟೆಗೆ ಹೋಗೋಕೆ ಅದೇ ಬೇಕು. ಬೇಟೆ ಅಂದ ಮೇಲೆ ಮೊದಲು ಬಿಲ್ಲು, ಆಮೇಲೆ ಕೋವಿ.

ಈ ಎರಡೂ ಸೇರಿ ಪಂದ್ಯ ಆದದ್ದು ಸೈನಿಕರಿಂದ. 1767ರಲ್ಲಿ ನಾರ್ವೆ–ಸ್ವೀಡನ್ ಗಡಿ ಕಾಯೋ ಸ್ಕೀ ದಳದವರು ತಮ್ಮ ತಮ್ಮಲ್ಲೇ ಸ್ಪರ್ಧೆ ಮಾಡಿದ್ರು. ಬಯಾಥ್ಲಾನ್ ಇತಿಹಾಸ ಬರೆಯೋರು ಸಾಮಾನ್ಯವಾಗಿ ಶುರು ಮಾಡೋದು ಇಲ್ಲಿಂದ. ಆ ವರ್ಷ ನಮ್ಮ ಕಡೆ ಹೈದರಾಲಿ ಬ್ರಿಟಿಷರ ಜೊತೆ ಮೊದಲನೇ ಮೈಸೂರು ಯುದ್ಧ ಶುರು ಮಾಡಿದ್ದ ಅನ್ನೋದನ್ನ ನೆನಪಿಟ್ಟುಕೊಂಡ್ರೆ ಕಾಲ ಅಂದಾಜಾಗುತ್ತೆ.

ಆಮೇಲಿನ ಮುಖ್ಯ ವರ್ಷ 1861. ಸ್ವೀಡನ್ ಗಡಿಗೆ ಹತ್ತಿರ ಇರೋ ಟ್ರೈಸಿಲ್ ಅನ್ನೋ ನಾರ್ವೆಯ ಊರಲ್ಲಿ ಜನ ಸೇರಿ ಒಂದು ಕೋವಿ ಮತ್ತು ಸ್ಕೀ ಸಂಘ ಕಟ್ಟಿದ್ರು. ಪ್ರಪಂಚದ ತೀರಾ ಹಳೇ ಸ್ಕೀ ಸಂಘಗಳಲ್ಲಿ ಅದೂ ಒಂದು. ಉದ್ದೇಶ ಒಲಿಂಪಿಕ್ಸ್ ಪದಕ ಅಲ್ಲ, ಆಗ ಈಗಿನ ಒಲಿಂಪಿಕ್ಸೇ ಇರಲಿಲ್ಲ. ಕಷ್ಟ ಬಂದಾಗ ದೇಶ ಕಾಯೋಕೆ ಸಾಮಾನ್ಯ ಜನಕ್ಕೂ ಕೋವಿ ಹಿಡಿಯೋಕೆ, ಸ್ಕೀ ಮೇಲೆ ಹೋಗೋಕೆ ಬರಬೇಕು ಅನ್ನೋದು.

ಇಲ್ಲಿ ಒಂದು ಮಾತು ಗಮನಿಸಿ. ಸಂಘ ಅಂದ್ರೆ ಒಂದು ಜಾಗ, ಒಂದು ದಿನ, ಒಂದು ನಿಯಮ, ಹೊಸಬರಿಗೆ ಹೇಳಿಕೊಡೋ ಹಳಬರು. ಮನೆಮನೆಯಲ್ಲಿ ಇದ್ದ ಒಂದು ಬದುಕಿನ ವಿದ್ಯೆ ಊರಿನ ಎಲ್ಲಾ ಹುಡುಗರೂ ಕಲಿಯಬಹುದಾದ ಆಟ ಆಗೋದು ಹೀಗೆ.

1861 ಅನ್ನೋ ಇಸವಿ ನೆನಪಿಟ್ಕೊಳ್ಳಿ. ಮುಂದಿನ ಭಾಗದಲ್ಲಿ ಅದೇ ವರ್ಷ, ಆದ್ರೆ ನಮ್ಮ ಹೊಳೆಯ ಮೇಲ್ಗಡೆ.

ಭಾಗ 4/10: ಅದೇ 1861, ಶಿರಂಗಾಲದ ಆಚೆ

ರಾಮನಾಥಪುರದಿಂದ ಕೊಣನೂರು ದಾಟಿ ಹೋದ್ರೆ ಶಿರಂಗಾಲ. ಅಲ್ಲಿಂದ ಕೊಡಗು. ಹೆಬ್ಬಾಲೆ, ಕೂಡಿಗೆ, ಕುಶಾಲನಗರ. ಬಸ್ಸಲ್ಲಿ ಹೋಗ್ತಾ ಇದ್ರೆ ಗಡಿ ದಾಟಿದ್ದೇ ಗೊತ್ತಾಗಲ್ಲ. ಆದ್ರೆ ಕೋವಿಯ ವಿಷಯದಲ್ಲಿ ಅದು ದೊಡ್ಡ ಗಡಿ.

1857ರ ದಂಗೆ ಮುಗಿದ ಮೇಲೆ ಬ್ರಿಟಿಷರು ಭಾರತದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳೋ ಕಾನೂನು ತಂದ್ರು. 1861ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಒಂದು ಆದೇಶ ಹೊರಡಿಸಿದ. ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವನೇ. ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿ ಅಂತ ಅದರಲ್ಲಿತ್ತು. ಬ್ರಿಟಿಷರು ಹೋದ್ರೂ ವಿನಾಯಿತಿ ಉಳೀತು. ಇವತ್ತಿಗೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೆಲವು ಬಗೆಯ ಕೋವಿ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನ 2029ರ ತನಕ ಮುಂದುವರಿಸಿತು.

ಅಲ್ಲಿ ಕೋವಿ ಅಂದ್ರೆ ಮನೆಯವರಲ್ಲಿ ಒಬ್ಬರಿದ್ದ ಹಾಗೆ. ಸೆಪ್ಟೆಂಬರ್ ಹೊತ್ತಿಗೆ ನಾಟಿ ಕೆಲಸ ಮುಗಿದ ಮೇಲೆ ಬರೋ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಕ್ಕೆ ಪೂಜೆ. ಮರದ ತುದಿಯಲ್ಲಿ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯೋ ಪಂದ್ಯ. ಹೆಂಗಸರೂ ಹೊಡೀತಾರೆ. ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವಾಗಲೂ ಒಂದು ಗುಂಡು.

ಈಗ ಎರಡೂ 1861ನ್ನ ಪಕ್ಕಪಕ್ಕ ಇಡಿ. ಟ್ರೈಸಿಲ್‌ನಲ್ಲಿ ಕೋವಿ ಊರಿನ ಸಂಘಕ್ಕೆ ಬಂತು. ಇಲ್ಲಿ ಕೋವಿ ಒಂದು ಸಮುದಾಯದ ಹಕ್ಕಾಗಿ ಮನೆಯಲ್ಲಿ ಉಳೀತು, ಗಡಿಯ ಈಚೆಗಿದ್ದ ನಮ್ಮವರ ಕೈಯಿಂದ ದೂರ ಆಯ್ತು. ಯಾರದ್ದು ಸರಿ, ಯಾರದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ಅಲ್ಲಿ ತಮ್ಮ ದೇಶ ತಾವೇ ಕಾಯಬೇಕು ಅನ್ನೋ ಜನ, ಇಲ್ಲಿ ಜನರನ್ನ ಕಂಡ್ರೆ ಭಯ ಇದ್ದ ಪರದೇಶಿ ಸರ್ಕಾರ. ಆಟದ ಇತಿಹಾಸ ಬೇರೆ ಬೇರೆ ದಾರಿ ಹಿಡಿದಿದ್ದರ ಹಿಂದೆ ಹವಾಮಾನ ಒಂದೇ ಇಲ್ಲ, ಸರ್ಕಾರವೂ ಇದೆ.

ಭಾಗ 5/10: ಎಲ್ಲರಿಗಿಂತ ಜೋರಾಗಿ ಹೋದವನು ಇಪ್ಪತ್ತೈದನೇ ಸ್ಥಾನ

1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೀತು. ಅಲ್ಲಿ 'ಮಿಲಿಟರಿ ಪೆಟ್ರೋಲ್' ಅನ್ನೋ ಸ್ಪರ್ಧೆ ಇತ್ತು. ಸೈನಿಕರ ತಂಡ ಸ್ಕೀ ಮೇಲೆ ಹೋಗಿ ಗುಂಡು ಹೊಡೆಯೋದು. ಗೆದ್ದಿದ್ದು ಸ್ವಿಟ್ಜರ್ಲೆಂಡ್. 1928, 1936, 1948ರಲ್ಲಿ ಅದು ಬರೀ ಪ್ರದರ್ಶನ ಸ್ಪರ್ಧೆಯಾಗಿ ನಡೆದು ಆಮೇಲೆ ನಿಂತುಹೋಯ್ತು. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಸಮವಸ್ತ್ರದವರು ಕೋವಿ ಹಿಡಿದು ಓಡೋದನ್ನ ನೋಡೋ ಮನಸ್ಸು ಯಾರಿಗಿರುತ್ತೆ ಹೇಳಿ.

ಆದ್ರೆ ಆಟ ಸಾಯಲಿಲ್ಲ, ಅಂಗಿ ಬದಲಾಯಿಸಿತು. ಸೈನಿಕರ ತಂಡದ ಬದಲು ಒಬ್ಬೊಬ್ಬರೇ ಓಡೋ ಸ್ಪರ್ಧೆ ಆಯ್ತು, ಹೆಸರು ಬಯಾಥ್ಲಾನ್. 1958ರಲ್ಲಿ ಆಸ್ಟ್ರಿಯಾದ ಸಾಲ್‌ಫೆಲ್ಡನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ಗೆ ಪ್ರವೇಶ.

ಆ 1960ರ ಓಟ ಈ ಆಟದ ಮೊದಲ ಪಾಠ ಇದ್ದ ಹಾಗೆ. 20 ಕಿ.ಮೀ., 20 ಗುಂಡು. ಗುರಿ ಈಗಿನ ಹಾಗೆ 50 ಮೀಟರ್ ಅಲ್ಲ, 100ರಿಂದ 250 ಮೀಟರ್ ತನಕ ಬೇರೆ ಬೇರೆ ದೂರ. ತಪ್ಪಿದ ಒಂದು ಗುಂಡಿಗೆ ಎರಡು ನಿಮಿಷ ಶಿಕ್ಷೆ.

ಫ್ರಾನ್ಸಿನ ವಿಕ್ಟರ್ ಆರ್ಬೆ ಸ್ಕೀಯಲ್ಲಿ ಎಲ್ಲರಿಗಿಂತ ಜೋರು. ಅವನಷ್ಟು ಕಡಿಮೆ ಸಮಯದಲ್ಲಿ ಆ ದಾರಿ ಮುಗಿಸಿದವರು ಇನ್ನೊಬ್ಬರಿಲ್ಲ. ಆದ್ರೆ ಇಪ್ಪತ್ತರಲ್ಲಿ ಹದಿನೆಂಟು ಗುಂಡು ತಪ್ಪು. ಲೆಕ್ಕ ಹಾಕಿ, 36 ನಿಮಿಷ ಶಿಕ್ಷೆ. ಸಿಕ್ಕಿದ್ದು ಇಪ್ಪತ್ತೈದನೇ ಸ್ಥಾನ.

ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ ಸ್ಕೀ ವೇಗದಲ್ಲಿ ಹದಿನೈದನೆಯವನು. ಆದ್ರೆ ಇಪ್ಪತ್ತಕ್ಕೆ ಇಪ್ಪತ್ತೂ ಗುರಿ ಮುಟ್ಟಿಸಿದ. ಆ ದಿನ ಹಾಗೆ ಮಾಡಿದ್ದು ಅವನೊಬ್ಬನೇ. ಒಲಿಂಪಿಕ್ಸ್ ಬಯಾಥ್ಲಾನ್‌ನ ಮೊದಲ ಚಿನ್ನ ಅವನದು.

ಕ್ಲಾಸಲ್ಲಿ ಎಲ್ಲರಿಗಿಂತ ಮುಂಚೆ ಪೇಪರ್ ಕೊಟ್ಟು ಹೊರಗೆ ಬರೋ ನನ್ನ ಕೆಲವು ಫ್ರೆಂಡ್ಸ್ ಇದನ್ನ ಎರಡು ಸಲ ಓದಬೇಕು.

ಭಾಗ 6/10: 1967, ನಮ್ಮ ವಯಸ್ಸಿನವರಿಗೆ ಒಂದು ಬಾಗಿಲು

ಒಲಿಂಪಿಕ್ಸ್‌ಗೆ ಸೇರಿದ ಮೇಲೆ ಇನ್ನೊಂದು ಸಮಸ್ಯೆ ಎದ್ದುಕಾಣ್ತು. ಬಯಾಥ್ಲಾನ್ ಕಲಿಯೋಕೆ ವರ್ಷಗಳು ಬೇಕು. ಸ್ಕೀ ಕಾಲಿಗೆ ಒಗ್ಗಬೇಕು, ಕೋವಿ ಭುಜಕ್ಕೆ ಒಗ್ಗಬೇಕು, ಆಮೇಲೆ ಎರಡೂ ಒಂದಕ್ಕೊಂದು ಒಗ್ಗಬೇಕು. ಹದಿನೆಂಟು ಇಪ್ಪತ್ತು ವಯಸ್ಸಿನವರನ್ನ ಮೂವತ್ತರ ಅನುಭವಸ್ಥ ಸೈನಿಕರ ಪಕ್ಕ ನಿಲ್ಲಿಸಿದ್ರೆ ಸೋತು ಮನೆಗೆ ಹೋಗ್ತಾರೆ, ಮತ್ತೆ ಬರಲ್ಲ.

ಅದಕ್ಕೆ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್. 1967ರಲ್ಲಿ, ಆಗಿನ ಪೂರ್ವ ಜರ್ಮನಿಯ ಆಲ್ಟೆನ್‌ಬರ್ಗ್‌ನಲ್ಲಿ ಶುರು. ದೊಡ್ಡವರ ವಿಶ್ವ ಚಾಂಪಿಯನ್‌ಷಿಪ್ ನಡೆದಿದ್ದೂ ಆ ವರ್ಷ ಅಲ್ಲೇ. ಅಂದ್ರೆ ಹುಡುಗರು ತಮ್ಮ ಸ್ಪರ್ಧೆ ಮುಗಿಸಿ, ಅದೇ ಜಾಗದಲ್ಲಿ ನಿಂತು ದೊಡ್ಡವರು ಹೇಗೆ ಮಾಡ್ತಾರೆ ಅಂತ ನೋಡಬಹುದಿತ್ತು. ಅದು ಒಂದು ಥರ ಪಾಠಶಾಲೆನೇ.

ಆದ್ರೆ ಆಗಿನ ಕೋವಿ ದೊಡ್ಡದು, ಸೈನ್ಯದ್ದು. ಅದಕ್ಕೆ ಉದ್ದನೆಯ ಗುರಿಕಟ್ಟೆ ಬೇಕು, ಸದ್ದು ಜಾಸ್ತಿ, ಒದೆತ ಜಾಸ್ತಿ, ಖರ್ಚೂ ಜಾಸ್ತಿ. ಸೈನ್ಯದ ಜಾಗ ಇಲ್ಲದ ಊರಿನ ಮಕ್ಕಳಿಗೆ ಕಷ್ಟ.

1978ರಲ್ಲಿ ನಿಯಮ ಬದಲಾಯ್ತು. ದೊಡ್ಡ ಕೋವಿ ಹೋಗಿ ಪಾಯಿಂಟ್ ಟೂ ಟೂ ರೈಫಲ್ ಬಂತು, ದೂರ 50 ಮೀಟರ್‌ಗೆ ಇಳೀತು. ನೋಡೋಕೆ ಸಣ್ಣ ತಿದ್ದುಪಡಿ. ಆದ್ರೆ ಬಯಾಥ್ಲಾನ್ ಸೈನ್ಯದ ಮೈದಾನದಿಂದ ಊರಿನ ಮೈದಾನಕ್ಕೆ ಬರೋಕೆ ಇದು ದಾರಿ ಮಾಡಿಕೊಡ್ತು. ಸಣ್ಣ ಜಾಗ ಸಾಕು, ಗುಂಡು ಅಗ್ಗ, ಒದೆತ ಇಲ್ಲ ಅನ್ನೋಷ್ಟು ಕಡಿಮೆ. ಹದಿನಾಲ್ಕರ ಹುಡುಗ ಹುಡುಗಿಯೂ ಹಿಡಿಯಬಹುದು.

ಪಾಯಿಂಟ್ ಟೂ ಟೂ ಅಂದ ತಕ್ಷಣ ನಿಮ್ಮಲ್ಲಿ ಕೆಲವರ ಕಿವಿ ನೆಟ್ಟಗಾಗಿರಬೇಕು. ಎನ್‌ಸಿಸಿ ಕ್ಯಾಂಪಲ್ಲಿ ಮಲಗಿ ಹೊಡೆಸೋದು ಅದೇ ಅಳತೆಯ ಗುಂಡನ್ನ. ಆ ಮಾತಿಗೆ ಕೊನೇ ಭಾಗದಲ್ಲಿ ಬರ್ತೀನಿ.

ಭಾಗ 7/10: ಹುಡುಗಿಯರು ಕಾದ ಇಪ್ಪತ್ತೆರಡು ವರ್ಷ

ಹಿಂದಿನ ಭಾಗದಲ್ಲಿ 'ಹುಡುಗರು' ಅಂತ ಬರೆದಿದ್ದೆ. ಬೇಕಂತಲೇ ಬರೆದಿದ್ದು. 1967ರಲ್ಲಿ ತೆಗೆದ ಬಾಗಿಲು ಹುಡುಗರಿಗೆ ಮಾತ್ರ.

ಹೆಂಗಸರ ಮೊದಲ ಬಯಾಥ್ಲಾನ್ ವಿಶ್ವ ಚಾಂಪಿಯನ್‌ಷಿಪ್ ನಡೆದಿದ್ದು 1984ರಲ್ಲಿ, ಅದೇ ಶಾಮೊನಿಯಲ್ಲಿ. ಜೂನಿಯರ್ ಹುಡುಗಿಯರಿಗೆ ವಿಶ್ವ ಚಾಂಪಿಯನ್‌ಷಿಪ್ ಬಂದಿದ್ದು 1989ರಲ್ಲಿ. ಒಲಿಂಪಿಕ್ಸ್ ಬಾಗಿಲು ತೆರೆದಿದ್ದು 1992ರಲ್ಲಿ, ಫ್ರಾನ್ಸಿನ ಆಲ್ಬರ್ಟ್‌ವಿಲ್‌ನಲ್ಲಿ.

1967ರಿಂದ 1989ಕ್ಕೆ ಎಷ್ಟು? ಇಪ್ಪತ್ತೆರಡು. ಜೂನಿಯರ್ ವಿಭಾಗದ ವಯಸ್ಸಿನ ಮಿತಿಯೂ ಇಪ್ಪತ್ತೆರಡೇ. ಅಂದ್ರೆ ಹುಡುಗರ ಮೊದಲ ಕೂಟ ನಡೆದ ವರ್ಷ ಹುಟ್ಟಿದ ಒಬ್ಬಳು ಹುಡುಗಿ, ತನಗೆ ಬಾಗಿಲು ತೆರೆಯೋ ಹೊತ್ತಿಗೆ ಕೊನೇ ವರ್ಷದಲ್ಲಿರ್ತಾಳೆ. ಅವಳ ಅಕ್ಕನಿಗೆ ಅದೂ ಇಲ್ಲ. ಅಕ್ಕನ ಕಾಲು ಗಟ್ಟಿ ಇರಲಿಲ್ಲ, ಕಣ್ಣು ಚುರುಕಿರಲಿಲ್ಲ ಅಂತಲ್ಲ. ಕೂಟವೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಹೀಗೆ ಹೋದವರ ಹೆಸರು ಯಾವ ಫಲಿತಾಂಶದ ಪಟ್ಟಿಯಲ್ಲೂ ಸಿಗಲ್ಲ. ಸೋತವರ ಹೆಸರಾದ್ರೂ ಸಿಗುತ್ತೆ, ಓಡೋಕೇ ಬಿಡದವರದು ಸಿಗಲ್ಲ.

1992ರಲ್ಲಿ ಹೆಂಗಸರ ಸ್ಪ್ರಿಂಟ್ ಚಿನ್ನ ಗೆದ್ದವರು ಅನ್ಫಿಸಾ ರೆಟ್ಸೋವಾ. ಅವರ ಕಥೆ ನೋಡಿ. 1988ರ ಒಲಿಂಪಿಕ್ಸ್‌ನಲ್ಲಿ ಅವರು ಸೋವಿಯತ್ ತಂಡದ ಪರ ಚಿನ್ನ ಗೆದ್ದಿದ್ದು ಕೋವಿ ಇಲ್ಲದೆ, ಬರೀ ಸ್ಕೀ ಓಟದ ರಿಲೇಯಲ್ಲಿ. ಅದಕ್ಕೆ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಅಂತಾರೆ. ನಾಲ್ಕು ವರ್ಷದ ನಂತರ ಕೋವಿ ಕಲಿತು ಬಂದು ಬಯಾಥ್ಲಾನ್‌ನಲ್ಲೂ ಚಿನ್ನ. ಕಾಲು ಮೊದಲೇ ಗಟ್ಟಿ ಇತ್ತು, ಬೆರಳನ್ನ ಆಮೇಲೆ ಪಳಗಿಸಿದ್ರು.

ಈ ದಾರಿ, ಅಂದ್ರೆ ಮೊದಲು ಸ್ಕೀ, ಆಮೇಲೆ ಕೋವಿ, ನೆನಪಲ್ಲಿರ್ಲಿ. ಒಂಬತ್ತನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 8/10: ಬಾಗಿಲು ದಾಟಿದವನು ಎಲ್ಲಿಗೆ ಹೋದ

ಜೂನಿಯರ್ ಕೂಟದಿಂದ ಏನಾಗುತ್ತೆ ಅಂತ ಕೇಳಿದ್ರೆ ಒಂದು ಹೆಸರು ಹೇಳಿದ್ರೆ ಸಾಕು. ಓಲೆ ಐನಾರ್ ಬ್ಯೋರ್ನ್‌ಡಾಲೆನ್, ನಾರ್ವೆಯವನು, 1974ರಲ್ಲಿ ಹುಟ್ಟಿದವನು. 1993ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂರು ಚಿನ್ನ ಗೆದ್ದ.

ಒಂಬತ್ತು ವರ್ಷ ಆದ ಮೇಲೆ, 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಗಂಡಸರಿಗೆ ಇದ್ದಿದ್ದು ನಾಲ್ಕು ಬಯಾಥ್ಲಾನ್ ಸ್ಪರ್ಧೆ. ನಾಲ್ಕರಲ್ಲೂ ಚಿನ್ನ ಅವನದೇ, ಒಂದು ತಂಡದ ಜೊತೆ, ಮೂರು ಒಬ್ಬನೇ. ಕೊನೆಗೆ ಒಲಿಂಪಿಕ್ಸ್‌ನಲ್ಲಿ ಒಟ್ಟು 8 ಚಿನ್ನ.

ಪ್ರತಿಭೆ ಇತ್ತು, ಸರಿ. ಆದ್ರೆ ಪ್ರತಿಭೆ ಕಾಣಿಸಿಕೊಳ್ಳೋಕೆ ಒಂದು ಕಟ್ಟೆ ಬೇಕು. ಹತ್ತೊಂಬತ್ತಕ್ಕೆ 'ನಾನು ಪ್ರಪಂಚದ ನನ್ನ ವಯಸ್ಸಿನವರಲ್ಲಿ ಎಲ್ಲಿದ್ದೀನಿ' ಅನ್ನೋದು ಗೊತ್ತಾದ್ರೆ ಆಮೇಲಿನ ಹತ್ತು ವರ್ಷಕ್ಕೆ ಅದೇ ಊಟ.

ಇದೇ 1993ರಲ್ಲಿ ಈ ಆಟಕ್ಕೆ ತನ್ನದೇ ಅಂತಾರಾಷ್ಟ್ರೀಯ ಬಯಾಥ್ಲಾನ್ ಒಕ್ಕೂಟವೂ ಆಯ್ತು. 2002ರಿಂದ ಜೂನಿಯರ್ ಜೊತೆ ಯೂತ್ ವಿಭಾಗವೂ ಸೇರಿತು. ಬಾಗಿಲು ಇನ್ನೂ ಚಿಕ್ಕ ವಯಸ್ಸಿಗೆ ಇಳೀತು.

ಇದೆಲ್ಲ ಯೂರೋಪಿನ ಕಥೆ ಅಂತ ಅನ್ಕೋಬೇಡಿ. 2023ರ ಯೂತ್ ಮತ್ತು ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ ನಡೆದಿದ್ದು ಏಷ್ಯಾದಲ್ಲೇ, ಕಜಕಸ್ತಾನದ ಶುಚಿನ್ಸ್ಕ್‌ನಲ್ಲಿ. ಚೀನಾ, ಜಪಾನ್, ಕೊರಿಯಾದವರೂ ಈ ಆಟದಲ್ಲಿದ್ದಾರೆ.

ನಮ್ಮದು? 1964ರಿಂದ ಭಾರತದವರು ಚಳಿಗಾಲದ ಒಲಿಂಪಿಕ್ಸ್‌ಗೆ ಹೋಗ್ತಾ ಇದ್ದಾರೆ. ಸ್ಕೀ ಓಟದಲ್ಲೂ ಓಡಿದ್ದಾರೆ. 2018ರಲ್ಲಿ ಓಡಿದ ಜಗದೀಶ್ ಸಿಂಗ್ ಸೈನ್ಯದವರು. ಆದ್ರೆ ಬಯಾಥ್ಲಾನ್‌ನಲ್ಲಿ 2022ರ ಬೀಜಿಂಗ್ ತನಕ ಭಾರತದ ಒಬ್ಬರೂ ಓಡಿಲ್ಲ. ಸಿಯಾಚಿನ್‌ನಂಥ ಜಾಗದಲ್ಲಿ ಹಿಮದ ಮೇಲೆ ಕೋವಿ ಹಿಡಿದು ಗಡಿ ಕಾಯೋ ದೇಶ ನಮ್ಮದು. 1767ರ ಆ ಕಾವಲಿನವರ ಕೆಲಸವನ್ನ ಇವತ್ತಿಗೂ ದಿನಾ ಮಾಡ್ತಾ ಇದ್ದೀವಿ. ಆಟ ಮಾತ್ರ ಮಾಡಿಕೊಂಡಿಲ್ಲ.

ಭಾಗ 9/10: ನಾಪೋಕ್ಲುವಿನ ಭವಾನಿ

ಈಗ ಹೊಳೆಗೆ ಬರೋಣ. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ, ಭಾಗಮಂಡಲ ದಾಟಿ, ನಾಪೋಕ್ಲು ಕಡೆಯಿಂದ ಹರಿದು, ಕುಶಾಲನಗರ ದಾಟಿ ನಮ್ಮೂರಿಗೆ ಬರುತ್ತೆ. ನಾವು ವಹ್ನಿ ಪುಷ್ಕರಣಿಯಲ್ಲಿ ಮೀನಿಗೆ ಪುರಿ ಹಾಕ್ತೀವಲ್ಲ, ಆ ನೀರು ನಾಪೋಕ್ಲು ನೋಡಿ ಬಂದಿರೋದು.

ಆ ನಾಪೋಕ್ಲುವಿನವರು ಭವಾನಿ ತೆಕ್ಕಡ ನಂಜುಂಡ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತದ ಪರ ಓಡ್ತಾರೆ. ಮಳೆ, ಕಾಫಿ, ಕರಿಮೆಣಸಿನ ಊರು ನಾಪೋಕ್ಲು. ಹಿಮ ಅಲ್ಲಿ ಬೀಳಲ್ಲ. ಎನ್‌ಸಿಸಿ, ಆಮೇಲೆ ಪರ್ವತಾರೋಹಣ, ಅಲ್ಲಿಂದ ಹಿಮ, ಹಿಮದಿಂದ ಸ್ಕೀ, ಹೀಗೆ ಅವರು ಹಿಡಿದ ದಾರಿ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ನಡೆಯೋ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಹಿಮಾಲಯದ ರಾಜ್ಯಗಳವರ ಜೊತೆ ಓಡಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಕೊರ್ರಾಲ್ಕೊದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ 5 ಕಿ.ಮೀ. ಓಟದಲ್ಲಿ ಕಂಚು ಗೆದ್ದರು. ನಮ್ಮಲ್ಲಿ ಮಳೆಗಾಲ ಇರುವಾಗ ಭೂಮಿಯ ಆ ಕಡೆ ಚಳಿಗಾಲ. ಹಿಮ ಇಲ್ಲದ ಊರಿನವರು ಹಿಮ ಹುಡುಕಿಕೊಂಡು ಅಷ್ಟು ದೂರ ಹೋಗಬೇಕು.

ಭವಾನಿ ಬಯಾಥ್ಲಾನ್ ಆಟಗಾರ್ತಿ ಅಲ್ಲ, ಸ್ಕೀ ಓಟಗಾರ್ತಿ. ಅದನ್ನ ಬೆರೆಸಬಾರದು. ಆದ್ರೆ ಬಯಾಥ್ಲಾನ್‌ನ ಎರಡು ಅರ್ಧ ಇದೆಯಲ್ಲ, ಸ್ಕೀ ಮತ್ತು ಕೋವಿ, ಎರಡೂ ಒಂದೇ ಜಿಲ್ಲೆಯಲ್ಲಿ, ನಮ್ಮ ಹೊಳೆಯ ಮೇಲ್ಗಡೆಯಲ್ಲೇ ಇವೆ ಅನ್ನೋದು ನನಗೆ ಇದನ್ನೆಲ್ಲ ಓದುವಾಗ ಹೊಳೆದ ವಿಷಯ. ಕೈಲ್ ಪೊಳ್ದ್ ದಿನ ತೆಂಗಿನಕಾಯಿ ಉರುಳಿಸೋ ಕೈ ಒಂದು ಕಡೆ, ಚಿಲಿಯ ಹಿಮದಲ್ಲಿ ಕಂಚು ಗೆದ್ದ ಕಾಲು ಒಂದು ಕಡೆ. ನಡುವೆ ಇಲ್ಲದಿರೋದು ಟ್ರೈಸಿಲ್‌ನ ಆ ಸಂಘದಂಥದ್ದು, ಎರಡನ್ನೂ ಒಂದೇ ಅಂಗಳಕ್ಕೆ ತರೋದು.

ಇನ್ನೊಂದೂ ಇಲ್ಲ. ವಯಸ್ಸು. ಹಿಮವನ್ನೇ ದೊಡ್ಡವರಾದ ಮೇಲೆ ಕಂಡವರಿಗೆ ಜೂನಿಯರ್ ಕೂಟದ ಬಾಗಿಲು ಮುಚ್ಚೇ ಹೋಗಿರುತ್ತೆ. ನಾರ್ವೆಯ ಮಗು ಸ್ಕೀ ಮೇಲೆ ನಿಲ್ಲೋದನ್ನ ನಡೆಯೋಕೆ ಕಲಿತ ಸ್ವಲ್ಪ ದಿನಕ್ಕೇ ಕಲಿಯುತ್ತೆ. ನಮ್ಮವರು ಹದಿನೈದು ಇಪ್ಪತ್ತು ವರ್ಷ ತಡವಾಗಿ ಶುರು ಮಾಡಿ ಅದೇ ದಾರಿಯಲ್ಲಿ ಓಡ್ತಾರೆ. ಭವಾನಿಯ ಕಂಚನ್ನ ನೋಡುವಾಗ ಆ ವರ್ಷಗಳನ್ನೂ ತೂಕಕ್ಕೆ ಹಾಕಬೇಕು.

ಭಾಗ 10/10: ನಮಗೆಷ್ಟು ವಯಸ್ಸು?

ನನಗೀಗ ಇಪ್ಪತ್ತು. ನಿಮ್ಮಲ್ಲಿ ಹೆಚ್ಚಿನವರಿಗೆ ಹದಿನೆಂಟರಿಂದ ಇಪ್ಪತ್ತೊಂದು. ಅಂದ್ರೆ ನಾವೆಲ್ಲ ಲೆಕ್ಕದಲ್ಲಿ ಇನ್ನೂ ಜೂನಿಯರ್. ನಾವು ಯಾರೂ ಆ ಕೂಟಕ್ಕೆ ಹೋಗಲ್ಲ, ಅದು ನನಗೂ ಗೊತ್ತು. ಈ ಸರಣಿ ಬರೆದಿದ್ದು 'ಮನಸ್ಸಿದ್ದರೆ ಮಾರ್ಗ' ಅಂತ ಹೇಳೋಕಲ್ಲ. ಮನಸ್ಸಿದ್ದೂ ಮಾರ್ಗ ಇಲ್ಲದವರ ಕಥೆಯನ್ನ ಏಳನೇ ಭಾಗದಲ್ಲೇ ಬರೆದೆ.

ನಾನು ಹೇಳಬೇಕಿದ್ದಿದ್ದು ಇಷ್ಟು. 'ಅದು ನಮ್ಮ ಆಟ ಅಲ್ಲ' ಅಂತ ನಾವು ಅನ್ನುವಾಗ ಹಿಮವನ್ನ ದೂರ್ತೀವಿ. ಈ ಇತಿಹಾಸ ನೋಡಿದ್ರೆ ಹಿಮ ಅದರಲ್ಲಿ ಒಂದು ಭಾಗ ಮಾತ್ರ. ಹಿಮ ಇದ್ದ ದೇಶದಲ್ಲೇ ಹುಡುಗಿಯರು 22 ವರ್ಷ ಹೊರಗೆ ನಿಂತಿದ್ರು. ಕೋವಿ ಚಿಕ್ಕದಾದ ಮೇಲಷ್ಟೇ ಆಟ ಊರಿನ ಮಕ್ಕಳಿಗೆ ಸಿಕ್ಕಿದ್ದು. ಇವೆಲ್ಲ ಯಾರೋ ಕೂತು ಮಾಡಿದ ನಿಯಮ, ಯಾರೋ ಕೂತು ತಿದ್ದಿದ ನಿಯಮ.

ಹಿಮದ ವಿಷಯವನ್ನೂ ತಿದ್ದಿದ್ದಾರೆ ಗೊತ್ತಾ? 1996ರಿಂದ ಬೇಸಿಗೆ ಬಯಾಥ್ಲಾನ್‌ಗೂ ವಿಶ್ವ ಚಾಂಪಿಯನ್‌ಷಿಪ್ ಇದೆ. ಓಡಿ ಬಂದು ಗುಂಡು ಹೊಡೆಯೋದಾಗಿ ಶುರುವಾಗಿ, ಈಗ ಚಕ್ರ ಇರೋ ರೋಲರ್ ಸ್ಕೀ ಹಾಕಿಕೊಂಡು ಟಾರು ರಸ್ತೆ ಮೇಲೆ ನಡೆಯುತ್ತೆ. ಜೂನಿಯರ್‌ಗಳೂ ಇರ್ತಾರೆ. ಟಾರು ರಸ್ತೆಗೆ ನಮ್ಮಲ್ಲಿ ಗುಂಡಿ ಇರಬಹುದು, ಬರ ಇಲ್ಲ.

ಪಾಯಿಂಟ್ ಟೂ ಟೂ ರೈಫಲ್ ಎನ್‌ಸಿಸಿಯಲ್ಲಿದೆ. ಓಡೋ ಕಾಲು ಇದೆ, ಬೆಳಗಿನ ಐದಕ್ಕೆ ಪೊಲೀಸ್, ಆರ್ಮಿ ಭರ್ತಿಗೆ ಅಂತ ರಸ್ತೆಯಲ್ಲಿ ಓಡೋರನ್ನ ನೋಡಿಲ್ವಾ? ಆ ಓಟಕ್ಕೂ ವಯಸ್ಸಿನ ಮಿತಿ ಇದೆ, ಆ ಮಿತಿಯ ನೋವು ಏನು ಅಂತ ನಮ್ಮ ಪ್ರತಿ ಬೀದಿಯಲ್ಲೂ ಒಬ್ಬ ಅಣ್ಣನಿಗೆ ಗೊತ್ತು. ಕ್ಯಾಂಪಲ್ಲಿ ಫೈರಿಂಗ್ ಒಂದು ದಿನ, ಓಟ ಇನ್ನೊಂದು ದಿನ ಇಡ್ತಾರೆ. ಎರಡನ್ನೂ ಒಂದೇ ದಿನ, ಒಂದರ ಹಿಂದೆ ಒಂದು ಇಟ್ರೆ ಹೇಗಿರುತ್ತೆ? 1767ರಲ್ಲಿ ಆ ಗಡಿ ಕಾವಲಿನವರು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಮುಂದಿನ ಸಲ ಎನ್‌ಸಿಸಿ ಕ್ಯಾಂಪಿಗೆ ಹೋಗೋರು ನಿಮ್ಮ ಸರ್ ಹತ್ರ ಇದನ್ನ ಒಂದು ಸಲ ಕೇಳಿ ನೋಡಿ. ಬೈದ್ರೆ ನನ್ನ ಹೆಸರು ಹೇಳಬೇಡಿ.

ಅಲ್ಲಿ ತನಕ ಸೂಜಿ ದಾರ ಇದೆ, ಹೊಳೆ ಮೆಟ್ಟಿಲಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಅಲ್ಲಿರ್ತೀನಿ. ಐದಕ್ಕೆ ಎರಡು ಪೋಣಿಸಿದವರಿಗೆ ನನ್ನ ಖರ್ಚಲ್ಲಿ ಇಡ್ಲಿ.

#ರಾಮನಾಥಪುರ #ಅರಕಲಗೂಡು #ಕಾವೇರಿ #ಬಯಾಥ್ಲಾನ್ #ನಾಪೋಕ್ಲು #ಕನ್ನಡದಲ್ಲಿಇತಿಹಾಸ